ಟೆಂಡರ್‌ನಲ್ಲೇ ‘ಮರಳು ಬೇಡ’ ಅಂತ ಬರೆಯಿರಿ

ಮಾನ್ಯ ಸಂಪಾದಕರೇ,

ನಮ್ಮ ಬಳ್ಳಾರಿ, ಕೊಪ್ಪಳ, ರಾಯಚೂರು ಕಡೆ ಧೂಳಿನ ಮಾತು ಬಂದರೆ ಗಣಿ ಲಾರಿ, ಚಿಮಣಿ, ಹಾರುಬೂದಿ ಇವಿಷ್ಟೇ ಚರ್ಚೆಯಾಗುತ್ತವೆ. ಮೆಷಿನ್ ನಿಂತಾಗ ಗೇಟಿನ ಒಳಗೆ ಏಳುವ ಇನ್ನೊಂದು ಧೂಳಿದೆ, ತುಕ್ಕು ತೆಗೆಯಲು ಕಬ್ಬಿಣಕ್ಕೆ ಮರಳು ಹೊಡೆಯುವಾಗಿನ ಧೂಳು. ಪೇಂಟಿಂಗ್ ಗುತ್ತಿಗೆದಾರರ ಹತ್ತಿರ ಬಹಳ ವರ್ಷ ಸೂಪರ್‌ವೈಸರ್ ಆಗಿದ್ದವನು ನಾನು. ಅದರ ಬಗ್ಗೆ ಬರೆಯುತ್ತಿದ್ದೇನೆ.

ಕುಡಿತಿನಿ, ಶಕ್ತಿನಗರ, ಯರಮರಸ್‌ನ ಶಾಖೋತ್ಪನ್ನ ಸ್ಥಾವರಗಳ ಸಾಮರ್ಥ್ಯ ಸೇರಿಸಿದರೆ 5,000 ಮೆಗಾವಾಟ್ ದಾಟುತ್ತದೆ. ಉಕ್ಕಿನ ಕಾರ್ಖಾನೆಗಳು ತಮಗೆ ತಾವೇ ಮಾಡಿಕೊಳ್ಳುವ ವಿದ್ಯುತ್ ಬೇರೆ. ಇಷ್ಟೆಲ್ಲ ಬಾಯ್ಲರ್, ಟ್ಯಾಂಕ್, ಡಕ್ಟ್, ಪೈಪುಗಳಿಗೆ ತುಕ್ಕು ಹಿಡಿಯದೇ ಇರುತ್ತದೆಯೇ? ಸಾಮಾನ್ಯವಾಗಿ ಮಳೆಗಾಲದಲ್ಲಿ, ಜಲವಿದ್ಯುತ್ ಚೆನ್ನಾಗಿ ಸಿಗುವಾಗ, ಶಾಖೋತ್ಪನ್ನ ಘಟಕಗಳನ್ನು ಓವರ್‌ಹಾಲ್‌ಗೆ, ಅಂದರೆ ದೊಡ್ಡ ರಿಪೇರಿಗೆ, ನಿಲ್ಲಿಸುತ್ತಾರೆ. ಬಾಯ್ಲರ್ ಟ್ಯೂಬಿನ ದಪ್ಪ ಅಳೆಯಬೇಕಾದರೆ ಮೊದಲು ಮೇಲಿನ ಪದರ ತೆಗೆಯಬೇಕು. ಪೇಂಟ್ ಹೊಡೆಯಬೇಕಾದರೆ ತುಕ್ಕು ಹೋಗಿ ಕಬ್ಬಿಣ ಹೆಚ್ಚುಕಡಿಮೆ ಬೆಳ್ಳಗೆ ಕಾಣಬೇಕು. ಇದಕ್ಕೆ ‘ಎಸ್‌ಎ ಎರಡೂವರೆ’ ಅಂತ ಅಳತೆಯೇ ಇದೆ. ಕಂಪ್ರೆಸರ್ ಗಾಳಿಯನ್ನು ಚದರ ಸೆಂಟಿಮೀಟರಿಗೆ ಸುಮಾರು 7 ಕೆ.ಜಿ. ಒತ್ತಡದಲ್ಲಿ ಬಿಟ್ಟು ಕಣಗಳನ್ನು ಹೊಡೆಯುವುದೇ ಬ್ಲಾಸ್ಟಿಂಗ್.

ಆ ಕಣ ಯಾವುದು ಅನ್ನುವುದೇ ಮುಖ್ಯ. ಎಲ್ಲಕ್ಕಿಂತ ಅಗ್ಗ ನದಿ ಮರಳು. ತಾಡಪಾಲಿನ ಮೇಲೆ ಒಣಗಿಸಿ, ಜರಡಿ ಹಿಡಿದು ಪಾಟ್‌ಗೆ (ಬ್ಲಾಸ್ಟಿಂಗ್ ಮೆಷಿನ್ನಿನ ಟ್ಯಾಂಕಿಗೆ) ತುಂಬಿದರೆ ಆಯ್ತು. ಮರಳಿನಲ್ಲಿ ಇರುವುದು ಬಹುಪಾಲು ಸಿಲಿಕಾ. ಕಬ್ಬಿಣಕ್ಕೆ ಬಡಿದ ಕೂಡಲೇ ಅದು ಒಡೆದು, ಕಣ್ಣಿಗೆ ಕಾಣದಷ್ಟು ಸಣ್ಣದಾಗಿ ಶ್ವಾಸಕೋಶದ ಆಳಕ್ಕೆ ಇಳಿಯುತ್ತದೆ. ಅದರಿಂದ ಬರುವ ಸಿಲಿಕೋಸಿಸ್‌ಗೆ ಗುಣವಾಗುವ ಮದ್ದಿಲ್ಲ. ಕ್ಷಯ ಅಂಟುವ ಅಪಾಯವೂ ಜಾಸ್ತಿ. ಎಷ್ಟೋ ಸಲ ಕ್ಷಯ ಅಂತಲೇ ತಿಳಿದು ಬರೀ ಅದರ ಮಾತ್ರೆ ಕೊಟ್ಟು ಕಳಿಸುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1997ರಲ್ಲೇ ಈ ಸಿಲಿಕಾ ಧೂಳನ್ನು ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿದೆ. ಬ್ರಿಟನ್ ಅಂತೂ 1949ರ ನಿಯಮಗಳಲ್ಲೇ ಕಾರ್ಖಾನೆಗಳಲ್ಲಿ ಮರಳು ಹೊಡೆಯುವುದನ್ನು ನಿಲ್ಲಿಸಿತು.

ಕೊಪ್ಪಳ ಕಡೆಯ ಒಂದು ಕಾರ್ಖಾನೆಯಲ್ಲಿ ನಾನು ನೋಡಿದ್ದು ಹೇಳುತ್ತೇನೆ. ನೋಝಲ್ ಹಿಡಿದವನಿಗೆ ಗಾಳಿ ಪೈಪಿನ ಹೆಲ್ಮೆಟ್ ಇತ್ತು. ಪಾಟ್‌ಗೆ ಮರಳು ಸುರಿಯುವ ಹೆಲ್ಪರ್, ಸಂಜೆ ಗುಡಿಸುವ ಹೆಂಗಸರು ಮುಖಕ್ಕೆ ಟವೆಲ್, ಸೀರೆ ಸೆರಗು ಕಟ್ಟಿಕೊಂಡಿದ್ದರು. ಸೆರಗು ಈ ಧೂಳನ್ನು ತಡೆಯುತ್ತದಾ? ಮಾರ್ಚ್ 4ರ ಸುರಕ್ಷತಾ ದಿನಕ್ಕೆ ಮಾತ್ರ ಅಲ್ಲಿ ಬ್ಯಾನರ್ ಕಟ್ಟಿ, ಪ್ರತಿಜ್ಞೆ ಮಾಡಿಸಿ, ಸ್ವೀಟ್ ಹಂಚುತ್ತಿದ್ದರು.

ಬೇರೆ ದಾರಿ ಇಲ್ಲವೇ ಅಂದರೆ, ಬೇಕಾದಷ್ಟಿವೆ. ಗಾರ್ನೆಟ್ ಅನ್ನುವ ಗಟ್ಟಿ ಖನಿಜದ ಕಣ ಬಳಸಬಹುದು, ಅದರಲ್ಲಿ ಬಿಡಿ ಸಿಲಿಕಾ ತೀರಾ ಕಡಿಮೆ. ಬಿಚ್ಚಿ ತರಬಹುದಾದ ಭಾಗಗಳಿಗೆ ಮುಚ್ಚಿದ ಕೋಣೆಯಲ್ಲಿ ಸ್ಟೀಲ್ ಗ್ರಿಟ್ (ಉಕ್ಕಿನ ಸಣ್ಣ ಚೂರು) ಹೊಡೆದರೆ, ಅದೇ ಗ್ರಿಟ್ಟನ್ನು ಆರಿಸಿ ಮತ್ತೆ ಮತ್ತೆ ಬಳಸಬಹುದು. ಹೊಡೆದ ಜಾಗದಲ್ಲೇ ಧೂಳನ್ನು ಎಳೆದುಕೊಳ್ಳುವ ವ್ಯಾಕ್ಯೂಮ್ ಬ್ಲಾಸ್ಟಿಂಗ್ ಇದೆ, ಆದರೆ ಕೆಲಸ ನಿಧಾನ. ಸ್ಪಂಜಿನ ತುಂಡಿನೊಳಗೆ ಕಣ ಸೇರಿಸಿದ ಮಾಲು ದುಬಾರಿ. ಆದರೂ ಪಕ್ಕದಲ್ಲಿ ಮೋಟರ್, ಬೇರಿಂಗ್ ಇರುವ ಕಡೆ ಅದು ದುಡ್ಡಿಗೆ ಮೋಸವಿಲ್ಲ. ನೀರು ಬೆರೆಸಿ ಹೊಡೆದರೆ ಧೂಳು ಬಹಳ ಇಳಿಯುತ್ತದೆ. ಆದರೆ ಕಬ್ಬಿಣ ಕೂಡಲೇ ಮತ್ತೆ ತುಕ್ಕು ಹಿಡಿಯದಂತೆ ನೀರಿಗೆ ಔಷಧಿ ಹಾಕಬೇಕು. ಅಲ್ಲಿಗೂ ಮರಳೇ ಬಳಸಿದರೆ, ಕೆಸರು ಒಣಗಿದ ಮೇಲೆ ಅದೇ ಸಿಲಿಕಾ ಏಳುತ್ತದೆ. ಜನರೇಟರ್ ವೈಂಡಿಂಗ್‌ಗೆ ಡ್ರೈ ಐಸ್, ಅಂದರೆ ಗಟ್ಟಿಯಾದ ಇಂಗಾಲದ ಡೈಆಕ್ಸೈಡ್, ಒಳ್ಳೆಯದು. ಹೊಡೆದ ಮಂಜು ಆವಿಯಾಗಿ ಹೋಗುತ್ತದೆ, ಕೆಳಗೆ ಬೀಳುವುದು ಕೊಳೆ ಮಾತ್ರ. ಇಕ್ಕಟ್ಟಿನ ಜಾಗದಲ್ಲಿ ಗಾಳಿ ಆಡದಿದ್ದರೆ ಆ ಅನಿಲದಿಂದಲೇ ಉಸಿರು ಕಟ್ಟೀತು, ಹುಷಾರಾಗಿರಬೇಕು. ಯಾವುದನ್ನೇ ಬಳಸಿದರೂ ಹಳೇ ಪೇಂಟಿನಲ್ಲಿ ಸೀಸ ಇದ್ದರೆ ಅದೂ ಧೂಳಾಗುತ್ತದೆ. ಹೆಲ್ಮೆಟ್, ಪರದೆ ಯಾವುದನ್ನೂ ಬಿಡುವಂತಿಲ್ಲ.

ಇದೆಲ್ಲ ಎಂಜಿನಿಯರುಗಳಿಗೆ ಗೊತ್ತಿಲ್ಲದ್ದೇನಲ್ಲ. ಸಿಕ್ಕಿಕೊಳ್ಳುವುದು ಟೆಂಡರ್‌ನಲ್ಲಿ. ‘ಬ್ಲಾಸ್ಟಿಂಗ್ ಮತ್ತು ಪೇಂಟಿಂಗ್, ಚದರ ಮೀಟರಿಗೆ ಇಷ್ಟು’ ಅಂತ ಒಂದೇ ಸಾಲು ಬರೆದರೆ, ಕಡಿಮೆ ದರ ಹಾಕಿದವನಿಗೆ ಕೆಲಸ ಸಿಗುತ್ತದೆ. ಅವನಿಗೆ ಗಿಟ್ಟುವುದು ಮರಳು ಮಾತ್ರ. ಗಾರ್ನೆಟ್ ಲೆಕ್ಕ ಹಾಕಿದವನು ಮೊದಲ ಸುತ್ತಿನಲ್ಲೇ ಔಟ್. ಹಾಗಾಗಿ ಸರ್ಕಾರಿ ಸ್ಥಾವರಗಳೇ ಮೊದಲು ಮಾದರಿಯಾಗಲಿ. ಮರಳು ಬಳಸುವಂತಿಲ್ಲ, ಯಾವ ಕೆಲಸಕ್ಕೆ ಯಾವ ಕಣ, ಧೂಳು ಹಿಡಿಯುವ ವ್ಯವಸ್ಥೆ ಏನು ಎಂದು ಟೆಂಡರ್‌ನಲ್ಲೇ ಬಿಡಿಸಿ ಬರೆದು, ಅದಕ್ಕೆ ಬೇರೆ ದರ ಇಡಲಿ. ಆಗ ಎಲ್ಲ ಗುತ್ತಿಗೆದಾರರ ಲೆಕ್ಕವೂ ಒಂದೇ ಕಡೆಯಿಂದ ಶುರುವಾಗುತ್ತದೆ. ಕಾರ್ಖಾನೆಗೂ ಲಾಭವಿದೆ. ಮರಳು ಹೊಡೆಯುವಾಗ ಅಕ್ಕಪಕ್ಕದ ಫಿಟ್ಟರ್, ವೆಲ್ಡರ್ ಎಲ್ಲರೂ ಕೈ ಕಟ್ಟಿ ಹೊರಗೆ ನಿಲ್ಲಬೇಕು. ಧೂಳು ಕಡಿಮೆಯಾದರೆ ಎರಡೂ ಕೆಲಸ ಒಟ್ಟಿಗೆ ಸಾಗಿ, ಶಟ್‌ಡೌನ್ ದಿನಗಳು ಉಳಿಯುತ್ತವೆ.

ಇನ್ನೊಂದು ವಿಷಯ. ಸಿಲಿಕೋಸಿಸ್ ಕಂಡರೆ ವರದಿ ಮಾಡಲೇಬೇಕು ಎಂದು 1948ರ ಕಾರ್ಖಾನೆ ಕಾಯ್ದೆಯ ಪಟ್ಟಿಯಲ್ಲೇ ಇತ್ತು. ಆದರೆ ಈ ಕೆಲಸದವರು ಓವರ್‌ಹಾಲ್ ಮುಗಿದ ಕೂಡಲೇ ಇನ್ನೊಂದು ಊರಿಗೆ, ಇನ್ನೊಬ್ಬ ಗುತ್ತಿಗೆದಾರನ ಹತ್ತಿರ ಹೋಗುತ್ತಾರೆ. ಕಾಯಿಲೆ ಕಾಣಿಸುವುದು ಸಾಮಾನ್ಯವಾಗಿ ವರ್ಷಗಳ ನಂತರ. ಆಗ ಪರಿಹಾರ ಕೇಳಲು ಎಲ್ಲಿ, ಏನು ಕೆಲಸ ಮಾಡಿದ್ದರು ಎಂಬ ಕಾಗದ ಬೇಕು. ಬ್ಲಾಸ್ಟಿಂಗ್ ಮಾಡಿದ ಪ್ರತಿಯೊಬ್ಬರ ಹೆಸರು, ಕೆಲಸದ ಅವಧಿ, ಎದೆಯ ಎಕ್ಸ್-ರೇ ದಾಖಲೆಯನ್ನು ಕಾರ್ಖಾನೆಯವರೇ ಇಟ್ಟುಕೊಂಡು, ಒಂದು ಪ್ರತಿ ಕೆಲಸಗಾರರ ಕೈಗೆ ಕೊಡಲಿ. ಗುಡಿಸುವ ಹೆಂಗಸರ ಹೆಸರೂ ಅದರಲ್ಲಿ ಇರಲಿ.

– ನಿವೃತ್ತ ಪೇಂಟಿಂಗ್ ಸೂಪರ್‌ವೈಸರ್, ಬಳ್ಳಾರಿ