ಕೇಬಲ್ ಆರಿಸುವಾಗ ಮಣ್ಣನ್ನೂ ನೋಡಿ

ಮಾನ್ಯ ಸಂಪಾದಕರೇ,

ಧಾರವಾಡ ಜಿಲ್ಲೆಯಲ್ಲಿ ತುಂಡಾದ ಫೈಬರ್, ಅಂದರೆ ಇಂಟರ್‌ನೆಟ್ ಕೇಬಲ್ಲಿನೊಳಗೆ ಬೆಳಕು ಒಯ್ಯುವ ಗಾಜಿನ ಎಳೆ, ಜೋಡಿಸುವುದು ನನ್ನ ಕಸುಬು. ಹಳ್ಳಿಗಳಿಗೆ ಇಂಟರ್‌ನೆಟ್ ಕೊಡಲು ಈಗ ಮತ್ತೆ ರಸ್ತೆ ಬದಿ ಅಗೆಯುತ್ತಿದ್ದಾರೆ. ಟೆಂಡರ್ ಬರೆಯುವವರಲ್ಲಿ ನನ್ನದೊಂದು ಕೋರಿಕೆ: ದಯವಿಟ್ಟು ಇಡೀ ಜಿಲ್ಲೆಗೆ ಒಂದೇ ಬಗೆಯ ಕೇಬಲ್ ತರಿಸಬೇಡಿ.

ನವಲಗುಂದ, ಅಣ್ಣಿಗೇರಿ ಕಡೆ ಎರೆ ಭೂಮಿ. ಮಳೆಗೆ ಉಬ್ಬುತ್ತದೆ, ಬೇಸಿಗೆಯಲ್ಲಿ ಕಾಲು ಸಿಕ್ಕಿಕೊಳ್ಳುವಷ್ಟು ಬಿರಿಯುತ್ತದೆ. ನೇರವಾಗಿ ಮಣ್ಣಿನಲ್ಲೇ ಹೂತ ಕೇಬಲ್ಲನ್ನು ಈ ಮಣ್ಣು ಜಗ್ಗುತ್ತದೆ, ಹಿಸುಕುತ್ತದೆ. ಗಾಜಿನ ಎಳೆ ತುಂಡಾಗಬೇಕೆಂದೇನಿಲ್ಲ, ತೀರಾ ಬಾಗಿದರೂ ಸಾಕು, ಬೆಳಕು ಸೋರುತ್ತದೆ. ಎಳೆಯೊಳಗೆ ಬೆಳಕು ಬಿಟ್ಟು ದೋಷ ಹುಡುಕುವ ಓಟಿಡಿಆರ್ ಯಂತ್ರ ಹಚ್ಚಿದರೆ ಲಾಸ್, ಅಂದರೆ ಬೆಳಕಿನ ನಷ್ಟ, ತೋರಿಸುತ್ತದೆ. ಅಗೆದು ನೋಡಿದರೆ ಹೊರಗೆ ಗಾಯವೇ ಇರುವುದಿಲ್ಲ. ಇಂಥ ಕಡೆ 40 ಮಿ.ಮೀ. ಎಚ್‌ಡಿಪಿಇ (ಗಟ್ಟಿ ಪ್ಲಾಸ್ಟಿಕ್) ಪೈಪ್ ಹಾಕಿ, ಗಾಳಿಯ ಒತ್ತಡದಿಂದ ಕೇಬಲ್ ಒಳಗೆ ತೂರಿಸುವುದೇ ಸರಿ. ಎಳೆತ ಪೈಪಿನ ಪಾಲಿಗೆ ಹೋಗುತ್ತದೆ. ಒಳಗಿನ ಕೇಬಲ್ ಹಗುರವಾಗಿದ್ದಷ್ಟೂ ದೂರ ಸಾಗುತ್ತದೆ, ಅದಕ್ಕೆ ಸುಮ್ನೆ ದಪ್ಪ ಉಕ್ಕಿನ ಕವಚ ಬೇಡ. ಆದರೆ ಪೈಪಿನ ತುದಿಗೆ ಪ್ಲಗ್ ಹಾಕಲೇಬೇಕು. ಇಲ್ಲದಿದ್ದರೆ ಕೆಸರು ತುಂಬುತ್ತದೆ.

ಕಲಘಟಗಿಯ ಕಾಡಂಚಿನ ಕಥೆ ಬೇರೆ. ಅಲ್ಲಿ ಗೆದ್ದಲು, ಹೆಗ್ಗಣ ಎರಡೂ ಉಂಟು. ಗೆದ್ದಲಿಗೆ ಕೇಬಲ್ ಮೇಲೆ ನೈಲಾನ್ ಹೊದಿಕೆ ಬೇಕು. ಹೆಗ್ಗಣಕ್ಕೆ ಉಕ್ಕಿನ ಪಟ್ಟಿಯ ಕವಚ ಒಳ್ಳೆಯದೇ, ಆದರೆ ಸಿಡಿಲು ಬಡಿದರೆ ಅದೇ ಉಕ್ಕಿನಲ್ಲಿ ಕರೆಂಟ್ ಹರಿಯುತ್ತದೆ. ಅರ್ಥಿಂಗ್ ಸರಿಯಿಲ್ಲದಿದ್ದರೆ ಕೆಲಸ ಮಾಡುವವನ ಜೀವಕ್ಕೂ ಅಪಾಯ ಅಲ್ವಾ? ಏಪ್ರಿಲ್, ಮೇ ತಿಂಗಳ ಅಡ್ಡಮಳೆಯಲ್ಲಿ ಸಿಡಿಲು ಜಾಸ್ತಿ. ಹಾಗಾಗಿ ಅಲ್ಲಿಗೂ, ಹೈಟೆನ್ಷನ್ ಲೈನಿನ ಪಕ್ಕಕ್ಕೂ ಲೋಹವೇ ಇಲ್ಲದ ಗಾಜಿನ ನಾರಿನ ಕವಚದ ಕೇಬಲ್ ಕೊಡಿ.

ಇನ್ನು ಬಂಡೆ. ಸಾಮಾನ್ಯ ಮಣ್ಣಿನಲ್ಲಿ 1.65 ಮೀಟರ್ ಆಳ ಅಗೆಯಬೇಕೆಂಬ ನಿಯಮವಿದೆ. ಬಂಡೆ ಸಿಕ್ಕಲ್ಲಿ ಅಷ್ಟು ಆಗುವುದಿಲ್ಲ, ಒಪ್ಪೋಣ. ಅಲ್ಲಿ ಕಬ್ಬಿಣದ ಪೈಪ್ ಹಾಕಿ ಮೇಲೆ ಕಾಂಕ್ರೀಟ್ ಸುರಿಯಬೇಕು. ನಮ್ಮೂರ ಹತ್ತಿರ ಒಬ್ಬ ಗುತ್ತಿಗೆದಾರ ಬಂಡೆ ಮೇಲೆ ಬರೀ ಮಣ್ಣು ಮುಚ್ಚಿ ಹೋದ. ಚರಂಡಿ ತೋಡುವಾಗ ಜೆಸಿಬಿ ಹಲ್ಲಿಗೆ ಕೇಬಲ್ ಸಿಕ್ಕಿತು. ಪಂಚಾಯಿತಿಯಲ್ಲಿ ಪಹಣಿಗೆ ಬಂದವರು ಬರಿಗೈಲಿ ವಾಪಸ್ ಹೋದರು.

ಟೆಂಡರ್‌ಗೆ ಮುಂಚೆ ದಾರಿ ಉದ್ದಕ್ಕೂ ಮಣ್ಣು ನೋಡಿ, ಎಲ್ಲಿಂದ ಎಲ್ಲಿಯವರೆಗೆ ಯಾವ ಕೇಬಲ್, ಎಷ್ಟು ಆಳ ಎಂದು ಬರೆಯಿರಿ. ಆ ಹಾಳೆಯ ಒಂದು ಪ್ರತಿ ಗ್ರಾಮ ಪಂಚಾಯಿತಿಯ ಗೋಡೆ ಮೇಲೂ ಇರಲಿ.

– ಒಬ್ಬ ಫೈಬರ್ ಕೆಲಸಗಾರ, ಅಣ್ಣಿಗೇರಿ