ದ್ವೀಪದ ಕಲ್ಲಿನ ಕಥೆಯನ್ನು ದೋಣಿಯಲ್ಲೇ ಹೇಳಲಿ

ಮಾನ್ಯ ಸಂಪಾದಕರೇ,

ಕ್ರಿಸ್‌ಮಸ್ ರಜೆಯಲ್ಲಿ ಅಕ್ಕನ ಮಕ್ಕಳನ್ನು ಕರೆದುಕೊಂಡು ಮಲ್ಪೆಯಿಂದ ಸೇಂಟ್ ಮೇರಿಸ್ ದ್ವೀಪಕ್ಕೆ ಹೋಗಿದ್ದೆ. ದೋಣಿಯಲ್ಲಿದ್ದವರು ಹೆಚ್ಚಿನಂಶ ನಮ್ಮ ಹಾಗೆ ಬಯಲುಸೀಮೆಯವರೇ. ಬೆಳಿಗ್ಗೆ ಕೃಷ್ಣಮಠ, ಆಮೇಲೆ ದ್ವೀಪ, ಸಂಜೆಗೆ ಮುರ್ಡೇಶ್ವರದ ಬಸ್ಸು ಎಂದು ಹೊರಟವರು. ದಾರಿಯುದ್ದಕ್ಕೂ ಸ್ಪೀಕರಿನಲ್ಲಿ ಸಿನಿಮಾ ಹಾಡು. ಇಳಿಯುವಾಗ ಎಷ್ಟು ಹೊತ್ತಿಗೆ ವಾಪಸ್ ಬರಬೇಕೆಂದು ಕೂಗಿ ಹೇಳಿದರು, ಅಷ್ಟೇ. ಎಂಥ ಜಾಗಕ್ಕೆ ಬಂದಿದ್ದೇವೆ ಎಂಬುದನ್ನು ಯಾರೂ ಹೇಳಲಿಲ್ಲ. ಈ ಪತ್ರ ಅದರ ಬಗ್ಗೆ.

ನಾನು ಹಿರಿಯೂರು ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಐಮಂಗಲದ ಹತ್ತಿರ ಮರಡಿಹಳ್ಳಿಯಲ್ಲಿ ದಿಂಬು ಲಾವಾ ಎಂದು ಕರೆಯುವ ಬಂಡೆಗಳಿವೆ. ಸುಮಾರು 250 ಕೋಟಿ ವರ್ಷಗಳ ಹಿಂದೆ ನೀರಿನಡಿ ಉಕ್ಕಿದ ಲಾವಾ ಹಾಗೇ ಗುಂಡಗೆ ಹೆಪ್ಪುಗಟ್ಟಿ ಆದದ್ದು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಕರ್ನಾಟಕದಲ್ಲಿ ಗುರುತಿಸಿರುವ ನಾಲ್ಕು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕಗಳಲ್ಲಿ ಅದೂ ಒಂದು, ಸೇಂಟ್ ಮೇರಿಸ್ ದ್ವೀಪದ ಕಂಬಗಲ್ಲುಗಳೂ ಒಂದು. ಇನ್ನೆರಡು ಲಾಲ್‌ಬಾಗ್‌ನ ಬಂಡೆ ಮತ್ತು ಕೋಲಾರ ಚಿನ್ನದ ಗಣಿ ಸೀಮೆಯಲ್ಲಿರುವುದು. ಹಾಗಾಗಿ ದ್ವೀಪ ನೋಡುವ ಆಸೆ ನನಗೆ ಬಹಳ ವರ್ಷಗಳಿಂದ ಇತ್ತು.

ಅಲ್ಲಿ ಒಬ್ಬ ಹುಡುಗ, ಆರನೆಯದೋ ಏಳನೆಯದೋ ಓದುವವನಿರಬೇಕು, ಸಾಲಾಗಿ ನಿಂತ ಕಲ್ಲುಗಳನ್ನು ಮುಟ್ಟಿ ಮುಟ್ಟಿ ನೋಡುತ್ತ, "ಅಪ್ಪಾ, ಇದನ್ನ ಇಷ್ಟು ನೀಟಾಗಿ ಯಾರು ಕಡ್ದಿದ್ದು?" ಅಂದ. "ಪೋರ್ಚುಗೀಸರು ಕಣಪ್ಪಾ, ಕೋಟೆ ಕಟ್ಟೋಕೆ" ಎಂದರು ಅಪ್ಪ. ವಾಸ್ಕೋ ಡ ಗಾಮ 1498ರಲ್ಲಿ ಇಲ್ಲಿಗೆ ಬಂದು ದ್ವೀಪಕ್ಕೆ ಹೆಸರಿಟ್ಟ ಎಂಬ ಪ್ರತೀತಿ ಎಲ್ಲರ ಬಾಯಲ್ಲಿದೆ. ಕಲ್ಲಿನ ಸಂಗತಿ ಯಾರ ಕಿವಿಗೂ ಬಿದ್ದಿಲ್ಲ. ಆ ತಂದೆಯ ತಪ್ಪೇನೂ ಇಲ್ಲ. ಅಷ್ಟು ನುಣುಪಾದ ಮುಖ, ಅಷ್ಟು ಸರಿಯಾದ ಮೂಲೆ ನೋಡಿದರೆ ಉಳಿಯ ಕೆಲಸ ಎಂದೇ ಯಾರಿಗಾದರೂ ಅನ್ನಿಸುತ್ತದೆ.

ನಾನು ಆ ಹುಡುಗನಿಗೆ ಹೇಳಿದೆ. ಬೇಸಿಗೆಯಲ್ಲಿ ಕೆರೆ ಬತ್ತಿದಾಗ ಅಂಗಳದ ಕೆಸರು ಒಣಗಿ ಐದು ಮೂಲೆ, ಆರು ಮೂಲೆಯ ಬಿಲ್ಲೆಗಳಾಗಿ ಬಿರಿಯುತ್ತದಲ್ಲ, ಕುಗ್ಗಿದಾಗ ಬಿರಿಯುವ ಆ ರೀತಿಯೇ ಇಲ್ಲೂ ನಡೆದಿದೆ. ಕೆಸರು ನೀರಾರಿ ಕುಗ್ಗಿತು, ಲಾವಾ ಶಾಖ ಕಳೆದುಕೊಂಡು ಕುಗ್ಗಿತು. ಬಿರುಕು ಮೇಲಿನಿಂದ ಒಳಕ್ಕೆ ಇಳಿಯುತ್ತಾ ಹೋಗಿ ಆರು ಮುಖದ ಕಂಬಗಳಾದವು. ಐದು ಮುಖದವೂ ಇವೆ, ಏಳು ಮುಖದವೂ ಇವೆ, ಎಣಿಸು ಎಂದೆ. ಇದೆಲ್ಲ ಆದದ್ದು ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ನಮ್ಮ ನೆಲಕ್ಕೆ ಅಂಟಿಕೊಂಡಿದ್ದದ್ದು ಸೀಳಿ ಬೇರೆಯಾಗುತ್ತಿದ್ದ ಕಾಲದಲ್ಲಿ. ಅದೇ ವಯಸ್ಸಿನ ಜ್ವಾಲಾಮುಖಿ ಶಿಲೆಗಳು ಇಂದಿಗೂ ಮಡಗಾಸ್ಕರ್‌ನಲ್ಲಿ ಸಿಗುತ್ತವೆ. ಹುಡುಗ ಪಶ್ಚಿಮದ ಕಡೆ ತಿರುಗಿ, "ಅಲ್ಲಿಗೇ ಹೋಯ್ತಾ ಮಿಸ್?" ಎಂದು ಕೇಳಿದ. ಆಮೇಲೆ ಅಪ್ಪನ ಕೈ ಹಿಡಿದು ಎಳೆದುಕೊಂಡು ಹೋಗಿ ಕಂಬದಿಂದ ಕಂಬಕ್ಕೆ ಮುಖ ಎಣಿಸತೊಡಗಿದ. ತರಗತಿಯಲ್ಲಿ ಗೊಂಡ್ವಾನ ಎಂಬ ಪುರಾತನ ಮಹಾಖಂಡದ ಪಾಠ ಮಾಡುವಾಗ ಮಕ್ಕಳ ಕಣ್ಣಲ್ಲಿ ಈ ಹೊಳಪು ತರಿಸಲು ನಾನು ಎಷ್ಟು ಹೆಣಗುತ್ತೇನೆಂದು ನನಗೆ ಗೊತ್ತು.

ಅಲ್ಲೇ ಸ್ವಲ್ಪ ಆಚೆ ಇಬ್ಬರು ಯುವಕರು ಚೂಪುಗಲ್ಲು ಹಿಡಿದು ಕಂಬದ ಮೇಲೆ ಹೆಸರು ಗೀಚುತ್ತಿದ್ದರು. ಅದರ ವಯಸ್ಸು ಹೇಳಿದ ಮೇಲೆ ಕಲ್ಲು ಕೆಳಗೆ ಹಾಕಿ, "ಗೊತ್ತಿರ್ಲಿಲ್ಲ ಮೇಡಂ" ಎಂದರು. ಅವರ ಮಾತನ್ನು ನಾನು ನಂಬುತ್ತೇನೆ.

ನನ್ನ ಕೋರಿಕೆ ಇಷ್ಟೇ. ದ್ವೀಪದಲ್ಲಿ ಇಳಿದ ಮೇಲೆ ಫಲಕ ಓದುವ ಪುರುಸೊತ್ತು ಯಾರಿಗೂ ಇರುವುದಿಲ್ಲ. ಫೋಟೊ, ನೀರಾಟ, ಚಿಪ್ಪು ಹೆಕ್ಕುವುದರಲ್ಲೇ ಹೊತ್ತು ಹೋಗುತ್ತದೆ. ದೋಣಿಯಲ್ಲಾದರೆ ಎಲ್ಲರೂ ಕೂತಿರುತ್ತಾರೆ, ಸ್ಪೀಕರ್ ಇದ್ದೇ ಇದೆ. ಹೋಗುವಾಗ ಎರಡು ನಿಮಿಷ ಹಾಡು ನಿಲ್ಲಿಸಿ ಈ ಕಲ್ಲಿನ ಕಥೆ ಹೇಳಲಿ. ಕನ್ನಡದಲ್ಲೂ ತುಳುವಿನಲ್ಲೂ ಹೇಳಲಿ. ಮಲ್ಪೆಯ ಸಮುದ್ರವನ್ನು ಅಂಗೈಯಂತೆ ಬಲ್ಲ ದೋಣಿಯವರೇ ಹೇಳಿದರೆ ಜನ ಇನ್ನೂ ಕಿವಿಗೊಟ್ಟು ಕೇಳುತ್ತಾರೆ. ದ್ವೀಪದ ಪ್ರವಾಸ ನಡೆಸಲು ಪರವಾನಗಿ ಕೊಡುವವರು ಇದನ್ನೊಂದು ಷರತ್ತಾಗಿ ಸೇರಿಸಬಹುದು. ಮಳೆಗಾಲದಲ್ಲಿ ದೋಣಿ ನಿಂತಿರುವ ತಿಂಗಳುಗಳು ಅದರ ತಯಾರಿಗೆ ಧಾರಾಳವಾಗಿ ಸಾಕು. ಡಿಸೆಂಬರ್ ಬಂತೆಂದರೆ ಶಾಲಾ ಪ್ರವಾಸದ ಬಸ್ಸುಗಳು ಸಾಲುಗಟ್ಟುತ್ತವೆ, ಅಷ್ಟರೊಳಗೆ ಶುರುವಾಗಲಿ. ಕನ್ನಡದ ಪಠ್ಯ ಬರೆದುಕೊಡಲು ನಾನು ಸಿದ್ಧಳಿದ್ದೇನೆ, ಅದಕ್ಕೆ ಯಾವ ಸಂಭಾವನೆಯೂ ಬೇಡ.

– ಪ್ರೌಢಶಾಲಾ ಶಿಕ್ಷಕಿ, ಹಿರಿಯೂರು ತಾಲ್ಲೂಕು, ಚಿತ್ರದುರ್ಗ ಜಿಲ್ಲೆ