ದೀಕ್ಷಾಸ್ನಾನದ ಮರುದಿನದಿಂದ: ಶಿಷ್ಯತ್ವ ತರಗತಿಗಳಿಗಾಗಿ ದೇಣಿಗೆ ಮನವಿ

ಕರ್ತನಲ್ಲಿ ಪ್ರಿಯರಾದ ಸಹೋದರ ಸಹೋದರಿಯರೇ,

ನಮ್ಮ ರಕ್ಷಕನಾದ ಯೇಸು ಕ್ರಿಸ್ತನ ನಾಮದಲ್ಲಿ ನಿಮಗೆಲ್ಲರಿಗೂ ವಂದನೆಗಳು.

ನಮ್ಮ ಬ್ಯಾಪ್ಟಿಸ್ಟ್ ಸಭೆಯಲ್ಲಿ ದೀಕ್ಷಾಸ್ನಾನವಿರುವ ಭಾನುವಾರ ಬೆಳಕು ಹರಿಯುವ ಮೊದಲೇ ತೊಟ್ಟಿಗೆ ನೀರು ಬಿಡಲಾಗುತ್ತದೆ. ಬಿಳಿ ಬಟ್ಟೆ ಉಟ್ಟವರು ಒಬ್ಬೊಬ್ಬರಾಗಿ ನೀರಿಗಿಳಿದು, ತಮ್ಮ ನಂಬಿಕೆಯನ್ನು ಎಲ್ಲರೆದುರು ಬಾಯಿಬಿಟ್ಟು ಅರಿಕೆಮಾಡಿ, ಪೂರ್ತಿ ಮುಳುಗಿ ಎದ್ದು ಬರುವಾಗ ಸಭೆಯೆಲ್ಲ ಹಾಡುತ್ತಿರುತ್ತದೆ. ಕಳೆದ ಬಾರಿ ಹಾಗೆ ಎದ್ದು ಬಂದ ವಯಸ್ಸಾದ ತಾಯಿಯೊಬ್ಬರು ಒದ್ದೆ ಸೆರಗನ್ನು ಹಿಂಡುತ್ತಾ, "ಅಯ್ಯಾ, ನಾಳೆಯಿಂದ ನಾನು ಏನು ಮಾಡಬೇಕು?" ಎಂದು ಕೇಳಿದರು. ದಿನವೂ ಸತ್ಯವೇದ ಓದಿ, ಪ್ರಾರ್ಥನೆ ಮಾಡಿ, ಆರಾಧನೆಗೆ ತಪ್ಪದೆ ಬನ್ನಿ ಎಂದೆವು. ಆ ತಾಯಿಗೆ ಓದಲು ಬರುವುದಿಲ್ಲ, ಅವರ ಮನೆ ಎರಡು ಬಸ್ಸು ಬದಲಿಸಿ ಬರುವಷ್ಟು ದೂರದಲ್ಲಿದೆ ಎಂಬುದು ನಮಗೆ ಆಮೇಲೆ ಹೊಳೆಯಿತು.

ಇದನ್ನು ನಾವು ನಮ್ಮ ತಪ್ಪೆಂದೇ ಒಪ್ಪಿಕೊಳ್ಳುತ್ತೇವೆ. ಹಸುಗೂಸುಗಳಿಗೆ ದೀಕ್ಷಾಸ್ನಾನ ಕೊಡದೆ, ತಿಳಿದು ನಂಬಿದವರಿಗೆ ಮಾತ್ರ ಕೊಡುವುದು ಬ್ಯಾಪ್ಟಿಸ್ಟರ ಗುರುತು. ಈ ನಂಬಿಕೆಗಾಗಿ ನಮ್ಮ ಹಿರಿಯರು ತೆತ್ತ ಬೆಲೆ ಸಣ್ಣದಲ್ಲ. 1612ರಲ್ಲಿ ಲಂಡನ್ನಿನ ಸ್ಪಿಟಲ್‌ಫೀಲ್ಡ್ಸ್‌ನಲ್ಲಿ ಇಂಗ್ಲೆಂಡಿನ ಮೊದಲ ಬ್ಯಾಪ್ಟಿಸ್ಟ್ ಸಭೆಯನ್ನು ಕಟ್ಟಿದ ಥಾಮಸ್ ಹೆಲ್ವಿಸ್, ಮನುಷ್ಯನ ಮನಸ್ಸಾಕ್ಷಿಯ ಮೇಲೆ ಅರಸನಿಗೆ ಅಧಿಕಾರವಿಲ್ಲವೆಂದು ಬರೆದುದಕ್ಕಾಗಿ ಸೆರೆಮನೆ ಸೇರಿದರು. ಪ್ರತಿಯೊಬ್ಬ ವಿಶ್ವಾಸಿಯೂ ದೇವರ ಮುಂದೆ ಯಾಜಕನೆಂದು ಬೋಧಿಸುವ ಸಭೆಯು ಆ ವಿಶ್ವಾಸಿಗೆ ವಾಕ್ಯವನ್ನು ಕಲಿಸದಿದ್ದರೆ, ಆ ಬೋಧನೆ ಬರಿಯ ಮಾತಾಗಿಯೇ ಉಳಿಯುತ್ತದೆ. ಮತ್ತಾಯನ ಸುವಾರ್ತೆಯ ಕೊನೆಯ ಅಧ್ಯಾಯದಲ್ಲಿ ಕರ್ತನು ಶಿಷ್ಯರನ್ನಾಗಿ ಮಾಡುವುದನ್ನೂ ದೀಕ್ಷಾಸ್ನಾನ ಕೊಡುವುದನ್ನೂ ಉಪದೇಶಿಸುವುದನ್ನೂ ಒಂದೇ ಅಪ್ಪಣೆಯಲ್ಲಿ ಹೇಳಿದ್ದಾನೆ. ನಾವು ತೊಟ್ಟಿಯ ಬಳಿಯೇ ನಿಂತುಬಿಟ್ಟಿದ್ದೇವೆ.

ನಮ್ಮ ದೇಶದಲ್ಲಿ ಈ ಕೆಲಸವನ್ನು ಆರಂಭಿಸಿದವರು ಹಾಗೆ ನಿಲ್ಲಲಿಲ್ಲ. 1800ರ ಡಿಸೆಂಬರ್ 28ರಂದು ಬಂಗಾಳದ ಸೆರಾಂಪುರದಲ್ಲಿ, ಇಂಗ್ಲೆಂಡಿನಿಂದ ಬಂದಿದ್ದ ಬ್ಯಾಪ್ಟಿಸ್ಟ್ ಮಿಷನರಿ ವಿಲಿಯಂ ಕೇರಿಯವರು ಹೂಗ್ಲಿ ನದಿಯಲ್ಲಿ ಕೃಷ್ಣ ಪಾಲ್ ಎಂಬ ಬಡಗಿಗೆ ದೀಕ್ಷಾಸ್ನಾನ ಕೊಟ್ಟರು. ಕೀಲು ತಪ್ಪಿದ ತೋಳಿಗೆ ಮಿಷನರಿಗಳಿಂದ ಚಿಕಿತ್ಸೆ ಪಡೆದಿದ್ದ ಆ ಬಡಗಿ ಮುಂದೆ ತಾನೇ ಸುವಾರ್ತಿಕನಾಗಿ, ಬಂಗಾಳಿಯಲ್ಲಿ ಕೀರ್ತನೆಗಳನ್ನು ಕಟ್ಟಿದರು. 1805ರಲ್ಲಿ ಸೆರಾಂಪುರದ ಸೇವಕರು ತಮ್ಮೊಳಗೆ ಒಂದು ಒಡಂಬಡಿಕೆ ಬರೆದುಕೊಂಡು, ಅದನ್ನು ವರ್ಷಕ್ಕೆ ಮೂರು ಬಾರಿ ಎಲ್ಲರೆದುರು ಓದಬೇಕೆಂದು ಗೊತ್ತುಮಾಡಿದರು. ಈ ನೆಲದ ವಿಶ್ವಾಸಿಗಳಲ್ಲಿರುವ ವರಗಳನ್ನು ಬೆಳೆಸಿ, ಸಭೆಗಳ ಹೊಣೆಯನ್ನು ಅವರ ಕೈಗೇ ಒಪ್ಪಿಸುವುದು ಅದರ ಮುಖ್ಯ ಮಾತುಗಳಲ್ಲೊಂದು. ಕನ್ನಡಿಗರಾದ ನಮಗೆ ಅಲ್ಲಿ ಇನ್ನೊಂದು ಋಣವಿದೆ. 1812ರ ಮಾರ್ಚ್‌ನಲ್ಲಿ ಸೆರಾಂಪುರದ ಮುದ್ರಣಾಲಯ ಬೆಂಕಿಗೆ ತುತ್ತಾಗಿ ಎಷ್ಟೋ ಭಾಷೆಗಳ ಅಚ್ಚುಮೊಳೆಗಳೂ ಹಸ್ತಪ್ರತಿಗಳೂ ಸುಟ್ಟುಹೋದವು. ಸುದ್ದಿ ತಲುಪಿದಾಗ ಇಂಗ್ಲೆಂಡಿನ ಸಭೆಗಳು ಎರಡೇ ತಿಂಗಳಲ್ಲಿ ಸುಮಾರು 10,000 ಪೌಂಡು ಕೂಡಿಸಿದವು. ಕೆಲಸ ಮತ್ತೆ ಎದ್ದುನಿಂತು, 1817ರಲ್ಲಿ ಅದೇ ಊರಿನಿಂದ ಕೇರಿಯವರ ಕನ್ನಡ ವ್ಯಾಕರಣವೂ ಹೊರಬಂತು. ಕೇರಿಯವರನ್ನು ಇಲ್ಲಿಗೆ ಕಳುಹಿಸಿದ ಆ ಸೇವೆಯ ಮೊದಲ ನಿಧಿಯೂ ದೊಡ್ಡದಲ್ಲ: 1792ರ ಅಕ್ಟೋಬರ್ 2ರಂದು ಇಂಗ್ಲೆಂಡಿನ ಕೆಟರಿಂಗ್ ಊರಿನ ಒಬ್ಬ ವಿಧವೆಯ ಮನೆಯಲ್ಲಿ ಸೇರಿದ ಕೆಲವೇ ಮಂದಿ, ತಾವು ಕೊಡುವ ಮೊತ್ತವನ್ನು ಚೀಟಿಯಲ್ಲಿ ಬರೆದು ನಶ್ಯದ ಡಬ್ಬಿಗೆ ಹಾಕಿದರು, ಒಟ್ಟು 13 ಪೌಂಡು, 2 ಶಿಲಿಂಗು, 6 ಪೆನ್ಸ್. ಬಡ ಸಭಾಪಾಲಕರ ಕೈಯಿಂದ ಬಂದ ಆ ಹಣವನ್ನು ನೆನೆದಾಗಲೆಲ್ಲ ನಮ್ಮ ಎದೆ ತುಂಬಿ ಬರುತ್ತದೆ.

ಈಗ ನಾವು ಆರಂಭಿಸಬೇಕೆಂದಿರುವುದು ಎರಡು ವರ್ಷಗಳ ಶಿಷ್ಯತ್ವ ತರಗತಿ. ಹೊಸದಾಗಿ ದೀಕ್ಷಾಸ್ನಾನ ಪಡೆದ ಪ್ರತಿಯೊಬ್ಬರ ಜೊತೆಗೂ ಸಭೆಯ ಒಬ್ಬ ಅನುಭವಿ ವಿಶ್ವಾಸಿಯನ್ನು ನೇಮಿಸಿ, ವಾರಕ್ಕೊಮ್ಮೆ ಅವರ ಮನೆಯಲ್ಲೇ ಕೂತು ಮಾರ್ಕನ ಸುವಾರ್ತೆಯಿಂದ ಪಾಠ ಆರಂಭಿಸುವುದು. ಓದಲು ಬಾರದವರಿಗೆ ಓದಿ ಹೇಳುವುದು, ಕಲಿಯಲು ಮನಸ್ಸಿರುವವರಿಗೆ ಅಕ್ಷರವನ್ನೂ ಕಲಿಸುವುದು. ಕರ್ತನ ಭೋಜನದ ಅರ್ಥ, ಸಭಾ ಕೂಟದಲ್ಲಿ ಮಾತಾಡುವ ಹಕ್ಕು ಮತ್ತು ಹೊಣೆ, ಮನೆಯಲ್ಲೂ ದುಡಿಯುವ ಜಾಗದಲ್ಲೂ ಕ್ಷಮಿಸಿ ಬಾಳುವುದು, ಇವೆಲ್ಲವನ್ನೂ ಅವಸರವಿಲ್ಲದೆ ಜೊತೆಗಿದ್ದು ಕಲಿಯುವುದು ನಮ್ಮ ಆಸೆ. ಕಲಿಸುವವರು ಯಾರೂ ಸಂಬಳ ಪಡೆಯುವುದಿಲ್ಲ. ದಪ್ಪಕ್ಷರದ ಸತ್ಯವೇದ, ಕನ್ನಡ ಪಾಠದ ಪುಸ್ತಕ, ಕೇಳಲು ಧ್ವನಿಮುದ್ರಿತ ಸತ್ಯವೇದ ಮತ್ತು ಬಸ್ ಖರ್ಚು ಸೇರಿ ಕಲಿಯುವ ಒಬ್ಬರಿಗೆ ವರ್ಷಕ್ಕೆ ಸುಮಾರು 2,500 ರೂಪಾಯಿ ಬೇಕಾಗುತ್ತದೆ. ಒಬ್ಬರ ಭಾರವನ್ನು ಪೂರ್ತಿ ಹೊರಲಾಗದವರು ಒಂದು ಪುಸ್ತಕದ ಬೆಲೆಯನ್ನೋ ಒಂದು ತಿಂಗಳ ಬಸ್ ಖರ್ಚನ್ನೋ ಕೊಟ್ಟರೂ ನಾವು ಅದನ್ನು ಸಂತೋಷದಿಂದ ಸ್ವೀಕರಿಸುತ್ತೇವೆ.

ದೇಣಿಗೆಯನ್ನು ಆರಾಧನೆಯ ನಂತರ ಸಭೆಯ ಖಜಾಂಚಿಯವರಲ್ಲಿ ಕೊಟ್ಟು ರಸೀದಿ ಪಡೆಯಬೇಕಾಗಿ ಕೋರುತ್ತೇವೆ. ಹೊರದೇಶದ ಪೌರರಿಂದ ಹಣ ಪಡೆಯಲು ಬೇಕಾದ ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ನೋಂದಣಿ ನಮಗಿಲ್ಲವಾದ ಕಾರಣ, ಅಂಥ ಕಾಣಿಕೆಯನ್ನು ದಯವಿಟ್ಟು ಕಳುಹಿಸಬೇಡಿ. ಕೊಟ್ಟವರ ಹೆಸರನ್ನು ವೇದಿಕೆಯಲ್ಲಿ ಓದುವುದಿಲ್ಲ. ಖರ್ಚಿನ ಲೆಕ್ಕವನ್ನು ಮಾತ್ರ ಮೂರು ತಿಂಗಳಿಗೊಮ್ಮೆ ಸಭಾ ಕೂಟದಲ್ಲಿ ಸಾಲುಸಾಲಾಗಿ ಓದಲಾಗುವುದು. ನಿನ್ನೆಯಷ್ಟೇ ದೀಕ್ಷಾಸ್ನಾನ ಪಡೆದ ಸದಸ್ಯರೂ ಎದ್ದುನಿಂತು ಅದನ್ನು ಪ್ರಶ್ನಿಸಬಹುದು.

ಕರ್ತನ ಸೇವೆಯಲ್ಲಿ,
ಸಭಾಪಾಲಕರು ಮತ್ತು ಸಭಾಸೇವಕರು